ಚಿಲಕವಿರುವ ಕೋಣೆ

ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ, ಬಚ್ಚಲನ್ನು ಬಿಟ್ಟರೆ, ಒಂದೇ. ಅದು ಅಜ್ಜಿಯದು. ಹಾಗಾಗಿ ಊಟಕ್ಕೆ ಕೂತಾಗ ಸೊಸೆ "ಇನ್ಮೇಲೆ ಮನೇಲೇ ಕೆಲಸ ಶುರು ಮಾಡ್ತೀನಿ" ಅಂದದ್ದೇ ತಡ, ಮುಂದಿನ ಮಾತು ಎತ್ತ ತಿರುಗುತ್ತದೆಂದು ಅಜ್ಜಿಗೆ ತಿಳಿದುಹೋಯಿತು.

"ಬಚ್ಚಲಲ್ಲಿ ಮಾಡು," ಅಂದಳು. "ಅದಕ್ಕೂ ಚಿಲಕ ಇದೆ."

"ನಾನಿನ್ನೂ ಕೋಣೆ ಕೇಳೇ ಇಲ್ವಲ್ಲ ಅತ್ತೆ."

"ಕೇಳೋಕೆ ಮುಂಚೆ ಮುಖ ತೊಳ್ಕೊಂಡು ಬಂದಿದೀಯಲ್ಲ. ನೀನು ಮುಖ ತೊಳ್ಕೊಂಡು ಊಟಕ್ಕೆ ಕೂತ್ರೆ ಏನೋ ಕೇಳ್ತೀಯ ಅಂತಲೇ ಅರ್ಥ."

ಮೊಮ್ಮಗಳು ನಗು ತಡೆಯಲಾರದೆ ನೀರು ಕುಡಿದಳು. ಮಗ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅವನು ಬೇಕರಿಯ ವ್ಯಾನು ಓಡಿಸುವವನು. ಇಡೀ ದಿನ ಹಿಂದೆ ಮುಂದೆ ನೋಡಿ ನೋಡಿ ಸಾಕಾಗಿ, ಮನೆಗೆ ಬಂದ ಮೇಲೆ ಯಾವ ಕಡೆಗೂ ನೋಡದಿರುವುದನ್ನು ರೂಢಿ ಮಾಡಿಕೊಂಡಿದ್ದ.

ಸೊಸೆಯದು ಕೂದಲಿನ ಕೆಲಸ. ಮದುವೆಗೆ ಮುಂಚಿನಿಂದಲೂ ಪೇಟೆಯ ವಿಗ್ ಅಂಗಡಿಯೊಂದರ ಹಿಂಬದಿಯಲ್ಲಿ ಕೂತು, ಸೊಳ್ಳೆಪರದೆಗಿಂತ ನಯವಾದ ಬಲೆಗೆ ಕೊಕ್ಕೆಸೂಜಿಯಿಂದ ಎರಡೆರಡು ಎಳೆಯಂತೆ ಕೂದಲು ಗಂಟು ಹಾಕುತ್ತ ಬಂದವಳು. ಒಂದು ತಲೆ ತುಂಬಲು ವಾರಗಟ್ಟಲೆ ಹಿಡಿಯುತ್ತಿತ್ತು. ಈಗ ಅಂಗಡಿಯ ಯಜಮಾನ ಕಣ್ಣು ಮಂಜಾಗಿ ಅದನ್ನು ಮುಚ್ಚಿದ್ದ. ಮುಚ್ಚುವಾಗ ವಿಗ್ ಕೂರಿಸುವ ತನ್ನ ಮರದ ತಲೆಗಳನ್ನೂ ಸಿಕ್ಕು ಬಿಡಿಸುವ ಮುಳ್ಳುಬಾಚಣಿಗೆಯನ್ನೂ, ಅವೆಲ್ಲಕ್ಕಿಂತ ಬೆಲೆಯುಳ್ಳ ತನ್ನ ಗಿರಾಕಿಗಳನ್ನೂ ಇವಳ ಕೈಗೆ ಒಪ್ಪಿಸಿದ್ದ.

"ಬರೋರು ತಲೆ ಮೇಲಿನ ಬಟ್ಟೆ ತೆಗೀಬೇಕು ಅತ್ತೆ," ಅಂದಳು ಸೊಸೆ. "ಕೆಲವರು ಗಂಡನ ಎದುರಿಗೂ ತೆಗೆಯಲ್ಲ. ನಡುಮನೇಲಿ ಕೂತು ತೆಗೀರಿ ಅಂತ ಹೇಗೆ ಹೇಳ್ಲಿ?"

"ಅಂದ್ರೆ ನನ್ನ ತಲೆ ಹೊರಗೆ, ಮರದ ತಲೆ ಒಳಗೆ."

"ಅಜ್ಜಿ, ಅಮ್ಮ ಊರಿಗೆಲ್ಲ ಟೋಪಿ ಹಾಕೋಕೆ ಹೊರಟಿದಾಳೆ, ನೀನು ಅಡ್ಡ ಬರ್ಬೇಡ," ಅಂದಳು ಮೊಮ್ಮಗಳು.

"ನೀನು ಕಾಲೇಜಿಗೆ ಹೋಗ್ತಿರೋದು ಆ ಟೋಪಿಯಿಂದಲೇ. ನೆನಪಿರಲಿ," ಅಂದಳು ಸೊಸೆ.

ಮಗ ಕೊನೆಗೂ ಗಂಟಲು ಸರಿಮಾಡಿಕೊಂಡ. "ಸ್ವಲ್ಪ ದಿನ ನೋಡೋಣಮ್ಮ."

"ಸ್ವಲ್ಪ ದಿನ... ನೋಡೋಣಮ್ಮ," ಅಂದಳು ಅಜ್ಜಿ, ಅವನದೇ ಗಂಟಲಿನಲ್ಲಿ, ಗೇರು ಬದಲಿಸುವಾಗ ವ್ಯಾನು ಮಾಡುವ ಗೊರಗೊರ ಸಮೇತ. ಮೊಮ್ಮಗಳ ಬಾಯಿಂದ ನೀರು ಚಿಮ್ಮಿತು. ಸೊಸೆಯೂ ನಕ್ಕಳು. ಆ ನಗುವಿನಲ್ಲೇ ಕೋಣೆ ಕೈತಪ್ಪಿತು. ನಗಿಸಿದವಳು ಆಮೇಲೆ ಮುಖ ಗಂಟಿಕ್ಕುವುದು ಹೇಗೆ?

ಕಟ್ಟಡದವರೆಲ್ಲ ಅವಳನ್ನು ರೇಡಿಯೋ ಎನ್ನುತ್ತಿದ್ದರು. ಒಮ್ಮೆ ಕಿವಿಗೆ ಬಿದ್ದ ದನಿ ಅವಳ ಗಂಟಲಲ್ಲಿ ಬಾಡಿಗೆಯಿಲ್ಲದೆ ಉಳಿದುಬಿಡುತ್ತಿತ್ತು: ಹಾಲಿನವನ ತೊದಲು, ಮನೆಯ ಮಾಲೀಕನ ಮೂಗು, ನಾಡಿ ಹಿಡಿದ ಡಾಕ್ಟರು ತನಗೆ ತಾನೇ ಹಾಡಿಕೊಳ್ಳುವ "ಹ್ಞೂಂ ಹ್ಞೂಂ". ಮೊಣಕಾಲು ಕೈಕೊಟ್ಟ ಮೇಲೆ ಬೀದಿಗಿಳಿಯುವುದು ನಿಂತುಹೋಗಿತ್ತು. ಒಂದು ಮಹಡಿ ಮೇಲಿನ ತಾರಸಿಗೆ ಗೋಡೆ ಹಿಡಿದು ಹತ್ತುವಳು. ಮೂರು ಮಹಡಿ ಕೆಳಗಿಳಿಯುವುದು ಆಗದ ಮಾತು. ಬೀದಿ, ಬ್ಯಾಂಕು, ಅಂಗಡಿ, ಅಂಚೆ ಕಚೇರಿ ಎಲ್ಲವೂ ಅವಳಿಗೆ ಹತ್ತಿ ಬಂದವರ ಬಾಯಿಂದ ಕೇಳಿದ ಸುದ್ದಿ ಮಾತ್ರ.

*

ಭಾನುವಾರ ಮಂಚ ಹೊರಬಂತು. ನಡುಮನೆಯಲ್ಲಿ ಅದಕ್ಕೆ ಸಿಕ್ಕ ಜಾಗ ಆ ಕೋಣೆಯ ಬಾಗಿಲ ಪಕ್ಕದ್ದೇ, ಮೇಲಿನ ಗಾಳಿಕಿಂಡಿಯ ಕೆಳಗೆ. ಮಗ ಒಂದು ತಂತಿ ಕಟ್ಟಿ ಪರದೆ ಇಳಿಬಿಟ್ಟ. ಕೋಣೆಯೊಳಗೆ ಕಿಟಕಿಯ ಬುಡಕ್ಕೆ ಮೇಜು ಹೋಯಿತು. ಮೇಜಿನ ಅಂಚಿಗೆ ಮುಳ್ಳುಬಾಚಣಿಗೆಯನ್ನು ತಿರುಪು ಹಾಕಿ ಬಿಗಿದರು. ಎದುರು ಒಂದು ಕನ್ನಡಿ, ಹಿಂದಲೆ ಕಾಣಲು ಬೆನ್ನ ಹಿಂದೆ ಇನ್ನೊಂದು. ಫ್ಯಾನಿನ ಸ್ವಿಚ್ಚಿಗೆ ಸೊಸೆ ಅಂಟುಪಟ್ಟಿ ಹಚ್ಚಿದಳು. ಬಿಡಿಸಿಟ್ಟ ಕೂದಲಿನ ಎದುರು ಫ್ಯಾನು ತಿರುಗಿದರೆ ದಿನದ ಕೆಲಸ ಗಾಳಿಪಾಲು.

"ಬೇಸಗೇಲಿ ಬೆಂದು ಹೋಗ್ತೀಯ," ಅಂದಳು ಅಜ್ಜಿ, ಸಮಾಧಾನವೋ ಸಂತೋಷವೋ ತಿಳಿಯದಂತೆ.

"ಅಂಗಡೀಲೂ ಬೆಂದವಳೇ."

ಮೊದಲ ವಾರದಲ್ಲೇ ಅನ್ನದಲ್ಲಿ ಕೂದಲು ಬಂತು. ಮಗ ಬಾಯಿಂದ ಎಳೆದ. ಅದು ಬಂತು, ಬಂತು, ಬರುತ್ತಲೇ ಇತ್ತು. ಮನೆಯ ಯಾರ ತಲೆಯಲ್ಲೂ ಅಷ್ಟು ಉದ್ದ ಇರಲಿಲ್ಲ.

"ಇದು ಯಾರದ್ದೋ," ಅಂದ ಅವನು, ತಟ್ಟೆ ಸರಿಸುತ್ತ. "ಗುರುತಿಲ್ಲದೋರದ್ದು."

"ತೊಳೆದಿರೋ ಕೂದಲು. ನಿಮ್ಮ ಬೇಕರಿ ಹಿಟ್ಟಿಗಿಂತ ಶುದ್ಧ."

"ಬೇಕರೀಲಿ ಕೇಳಿದ್ರು, ನಿಮ್ಮನೆಯವರು ಏನು ಮಾಡ್ತಾರೆ ಅಂತ. ಗೊಂಬೆ ಮಾಡ್ತಾಳೆ ಅಂದೆ."

ಸೊಸೆ ಒಂದು ಕ್ಷಣ ಅವನನ್ನೇ ನೋಡಿದಳು. "ಯಾಕೆ, ವಿಗ್ ಅನ್ನೋಕೆ ನಾಲಿಗೆ ತೊಡರ್ತಾ?" ಎಂದು ಎದ್ದು, ಕೈ ತೊಳೆದು, ಒದ್ದೆ ಬಟ್ಟೆ ತೆಗೆದುಕೊಂಡು ಕೋಣೆಯ ನೆಲ ಒರೆಸಲು ಹೋದಳು. ಅಂದಿನಿಂದ ಆ ಕೋಣೆಗೆ ಪೊರಕೆ ನಿಷಿದ್ಧ, ಒದ್ದೆ ಬಟ್ಟೆಯೇ. ಒಳಗೆ ಹಾಕುವ ಮೇಲಂಗಿ ಬಾಗಿಲಾಚೆ ಬರುವಂತಿಲ್ಲ.

ಗಿರಾಕಿಗಳ ವಿಷಯದಲ್ಲಿ ಅವಳು ಅಂಗಡಿಯ ನಡವಳಿಕೆಯನ್ನೇ ಮನೆಗೂ ತಂದಳು. ಅಲ್ಲಿ ಯಾರನ್ನೂ ಹೆಸರಿಟ್ಟು ಕರೆಯುತ್ತಿರಲಿಲ್ಲ. ಕೂದಲೇ ಹೆಸರು. 'ಗುಂಗುರು ಕಂದು ನಾಳೆ ಬರ್ತಾರೆ', 'ಗಿಡ್ಡ ನರೆ ಫೋನ್ ಮಾಡಿದ್ರು' ಎನ್ನುವಳೇ ಹೊರತು ಯಾರು, ಎಲ್ಲಿಯವರು ಎಂದು ಗಂಡನಿಗೂ ಹೇಳಳು. ಮಧ್ಯಾಹ್ನ ಗಂಟೆ ಬಾರಿಸಿದರೆ ಮೊಮ್ಮಗಳು ಅಡುಗೆಮನೆಗೆ, ಮಗ ಇದ್ದರೆ ಕೆಳಕ್ಕೆ. ಅಜ್ಜಿ ಪರದೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗಬೇಕು. ಮುಖವೇನೋ ಗೋಡೆಗಿತ್ತು, ಕಿವಿ ಗಾಳಿಕಿಂಡಿಗೆ.

*

ಆ ವಾರಗಳಲ್ಲಿ ಊಟದ ಮೇಜಿಗೆ ಕಳೆ ಬಂತು. ಅಜ್ಜಿಗೆ ಹೊಸ ದನಿಗಳು ಸಿಕ್ಕಿದ್ದವು. ಗುಂಗುರು ಕಂದು ತನ್ನನ್ನೇ ತಾನು "ಈಯಮ್ಮನಿಗೆ ಈ ವಯಸ್ಸಲ್ಲಿ ಇದೆಲ್ಲ ಬೇಕಾ" ಎಂದು ಬೈದುಕೊಳ್ಳುವುದು. ಗಿಡ್ಡ ನರೆ ಪ್ರತಿ ಮಾತಿಗೂ "ಹಾಗಂತ ನಾನು ಶೋಕಿಗೆ ಅಲ್ಲ" ಎಂದು ಸೇರಿಸುವುದು. ಎಲ್ಲಕ್ಕಿಂತ ಸೊಗಸಾಗಿ ಬರುತ್ತಿದ್ದುದು 'ಭುಜದವರೆಗಿನ ಕಪ್ಪು'. ಅಜ್ಜಿ ಅವಳ ಮುಖ ಕಂಡಿರಲಿಲ್ಲ. ದನಿ ಮಾತ್ರ ಬಾಯಿಪಾಠ.

"ಕಿವಿ ಹತ್ರ ಸ್ವಲ್ಪ ಕಡಿಮೆ ಇರ್ಲಿ. ಸರೀನಾ? ಮುಂದೆ?" ಅಜ್ಜಿ ಚಮಚವನ್ನು ಕನ್ನಡಿಯಂತೆ ಹಿಡಿದಳು. "ಹಣೆ ಮೇಲೆ ಒಂದೆರಡು ಎಳೆ ಬಿದ್ದ ಹಾಗಿರ್ಲಿ. ಸರೀನಾ? ಮುಂದೆ? ಗಾಳಿಗೆ..." ಇಲ್ಲಿ ಉಗುಳು ನುಂಗುವ ಸಣ್ಣ ಸದ್ದು, ದನಿಯ ತುದಿಗೊಂದು ನಡುಕ. "ಗಾಳಿಗೆ ಹಾರಲ್ಲ ತಾನೆ? ಹಾರಲ್ಲ ಅಂತೀರಿ. ಸರೀನಾ? ಮುಂದೆ?"

ಮಗ ತಿಂಗಳಲ್ಲಿ ಮೊದಲ ಸಲ ಹೊಟ್ಟೆ ಹಿಡಿದು ನಕ್ಕ. ಮೊಮ್ಮಗಳು ಇನ್ನೊಮ್ಮೆ, ಇನ್ನೊಮ್ಮೆ ಅಂದಳು. ಸೊಸೆಯ ತುಟಿಯೂ ಬಿರಿದಿತ್ತು, ಆದರೆ ಕಣ್ಣು ನಗಲಿಲ್ಲ.

"ಸಾಕು ಅತ್ತೆ. ಇದು ಈ ಮೇಜು ದಾಟಬಾರದು."

"ದಾಟೋಕೆ ಅದಕ್ಕೇನು ಕಾಲಿದೆಯಾ? ನನಗಂತೂ ಇಲ್ಲ."

"ತಮಾಷೆಗಲ್ಲ. ಅವರು ಯಾರಿಗೂ ಗೊತ್ತಾಗಬಾರದು ಅಂತ ಎಷ್ಟು ಹೆದರಿದಾರೆ ಅಂದ್ರೆ, ಒಂದು ಬಸ್ ಸ್ಟಾಪ್ ಹಿಂದೆ ಇಳಿದು ಸುತ್ತಿ ಬರ್ತಾರೆ."

"ಹೆಸರೇ ಗೊತ್ತಿಲ್ಲ, ಮುಖವೇ ನೋಡಿಲ್ಲ. ಏನಂತ ಹೇಳ್ಲಿ? ಆಯ್ತು, ಯಾರ ಹೆಸರೂ ಹೇಳಲ್ಲ. ಅನ್ನದ ಮೇಲಾಣೆ."

ಸೊಸೆ ಒಪ್ಪಿಕೊಂಡಳು. ಆ ಹೆಂಗಸು ಯಾರೆಂದು ಅವಳು ಅಲ್ಲೇ ಹೇಳಿಬಿಟ್ಟಿದ್ದರೆ ಅಜ್ಜಿ ಎಚ್ಚರವಾಗಿರುತ್ತಿದ್ದಳೇನೋ. ಹೇಳುವಂತಿರಲಿಲ್ಲ, ಅದು ಅಂಗಡಿಯ ನಡವಳಿಕೆ.

*

ತಾರಸಿಯ ಮೇಲೆ ಬಟ್ಟೆ ಒಣಹಾಕಲು ಕೆಳಮನೆಯಾಕೆಯೂ ಬಂದಿದ್ದಳು, ಬೀದಿಯ ಇಸ್ತ್ರಿಯಂಗಡಿಯವಳೂ ಬಂದಿದ್ದಳು. ಅಜ್ಜಿ ನೀರಿನ ತೊಟ್ಟಿಯ ನೆರಳಲ್ಲಿ ಕೂತಿದ್ದಳು. ಮಂಚ ಹೊರಬಿದ್ದ ಮೇಲೆ ಅವಳ ಹಗಲು ಉದ್ದವಾಗಿತ್ತು.

"ಏನ್ ರೇಡಿಯೋ, ಹೊಸ ಕಾರ್ಯಕ್ರಮ ಇಲ್ವಾ?" ಅಂದಳು ಕೆಳಮನೆಯಾಕೆ. "ಅದೇ ಹಾಲಿನವನು, ಅದೇ ಡಾಕ್ಟ್ರು. ಕೇಳಿ ಕೇಳಿ ಸವೆದು ಹೋಗಿದೆ."

ಸವೆದು ಹೋಗಿದೆ ಎಂದದ್ದು ಅಜ್ಜಿಗೆ ಚುಚ್ಚಿತು. ಹೆಸರು ಹೇಳುವುದಿಲ್ಲವೆಂಬ ಆಣೆ ನೆನಪಿತ್ತು. ಹೆಸರು ಹೇಳುವ ಯೋಚನೆಯೂ ಇರಲಿಲ್ಲ.

"ಒಬ್ಬಳಿದಾಳೆ, ಯಾರೋ ಏನೋ," ಎಂದು ಶುರುಮಾಡಿ, ಕಿವಿಯ ಹತ್ತಿರ ಇಲ್ಲದ ಕೂದಲನ್ನು ಬೆರಳಿನಿಂದ ನೇವರಿಸಿದಳು. "ಕಿವಿ ಹತ್ರ ಸ್ವಲ್ಪ ಕಡಿಮೆ ಇರ್ಲಿ. ಸರೀನಾ? ಮುಂದೆ?"

ಇಬ್ಬರೂ ಬಟ್ಟೆ ಕೆಳಗಿಟ್ಟು ನಕ್ಕರು. ಅಜ್ಜಿಗೆ ಹುರುಪು ಬಂತು. ಹಣೆ, ಗಾಳಿ, ನುಂಗಿದ ಉಗುಳು, ನಡುಕ, ಒಂದನ್ನೂ ಬಿಡಲಿಲ್ಲ. ಇಸ್ತ್ರಿಯವಳ ನಗು ನಡುವೆಯೇ ನಿಂತಿತು.

"ತಾಳಿ. ಇದು ಪೋಸ್ಟಾಫೀಸಿನವಳಲ್ವಾ?"

"ಯಾರು?"

"ಅದೇ, ಪಾರ್ಸೆಲ್ ಕೌಂಟರಿನಲ್ಲಿ. 'ಸರೀನಾ, ಮುಂದೆ' ಅಂತ ಸಾಲು ಓಡಿಸ್ತಾಳಲ್ಲ."

"ಅಯ್ಯೋ ಹೌದು ಕಣೇ. ಅವಳೇ," ಅಂದಳು ಕೆಳಮನೆಯಾಕೆ. "ಅದಕ್ಕೇನಾ ಇತ್ತೀಚೆಗೆ ತಲೆಗೆ ಬಟ್ಟೆ ಸುತ್ಕೊಂಡು ಬರೋದು? ತಲೆನೋವು ಅಂತಿದ್ಲು." ಅಜ್ಜಿಯ ಕಡೆ ಬಾಗಿ ದನಿ ತಗ್ಗಿಸಿದಳು. "ಪೂರ್ತಿ ಹೋಗಿದೆಯಾ?"

ಊರವರ ದನಿಯನ್ನೆಲ್ಲ ಗಂಟಲಲ್ಲಿಟ್ಟುಕೊಂಡವಳಿಗೆ ಆಗ ಒಂದು ದನಿಯೂ ಸಿಗಲಿಲ್ಲ. ಅಲ್ಲ, ಅವಳಲ್ಲ, ಇದು ನಾನೇ ಕಟ್ಟಿದ್ದು ಎಂದು ಒಂದು ಮಾತು ಅಂದಿದ್ದರೆ ಆಗುತ್ತಿತ್ತು. "ನನಗೇನು ಗೊತ್ತು," ಅಂದಳು ಅಜ್ಜಿ. ಆ ಮಾತು ಎಷ್ಟು ತೆಳ್ಳಗೆ ಬಂತೆಂದರೆ, ಕೇಳಿದವರಿಗೆ ಅದು ಹೌದು ಎಂದೇ ಕೇಳಿಸಿತು.

"ಪಾಪ," ಅಂದರು ಇಬ್ಬರೂ. ಪಾಪ ಎನ್ನುತ್ತಲೇ ಲಗುಬಗೆಯಿಂದ ಬಟ್ಟೆ ಹಿಂಡಿ, ಲಗುಬಗೆಯಿಂದ ಇಳಿದು ಹೋದರು. ಸುದ್ದಿ ಕೈಯಲ್ಲಿದ್ದವರಿಗೆ ಮೆಟ್ಟಿಲು ಕಾಣುವುದಿಲ್ಲ.

*

ಮುಂದಿನ ವಾರ ಸೊಸೆ ಊಟಕ್ಕೆ ಬಡಿಸಿ, ತಾನು ಬಡಿಸಿಕೊಳ್ಳದೆ ಕೂತಳು.

"ಭುಜದವರೆಗಿನ ಕಪ್ಪು ಫೋನ್ ಮಾಡಿದ್ರು. ವಿಗ್ ಬೇಡವಂತೆ."

"ಯಾಕೆ? ಮುಗೀತಾ ಬಂದಿತ್ತಲ್ಲ?" ಅಂದ ಮಗ.

ಸೊಸೆಗೆ ಅನುಕರಣೆ ಬಾರದು. ನಡೆದದ್ದನ್ನು ಕಲ್ಲಿನಂಥ ದನಿಯಲ್ಲಿ ಹೇಳಿದಳು. "ಅವರು ಕೆಲಸ ಮಾಡೋ ಕಡೆ ಸಾಲಲ್ಲಿದ್ದ ಯಾವನೋ, ಇವರು 'ಮುಂದೆ' ಅಂತ ಕರೆದಾಗ, 'ಮುಂದೆ ಚೆನ್ನಾಗಿದೆ ಮೇಡಂ, ಹಿಂದೆ ಹೇಗಿದೆ, ಸ್ವಲ್ಪ ಬಟ್ಟೆ ತೆಗೆದು ತೋರ್ಸಿ' ಅಂದನಂತೆ. ಸಾಲಿಗೆ ಸಾಲೇ ನಕ್ಕಿತಂತೆ."

ಅಜ್ಜಿಯ ಬಾಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು.

"ಗುಂಗುರು ಕಂದು ಕೂಡ ಬರಲ್ವಂತೆ. ಈ ಮನೆಗೆ ಬಂದ್ರೆ ಬೀದಿಗೆ ಬಂದ ಹಾಗಂತೆ." ಸೊಸೆ ಮಗಳ ಕಡೆ ತಿರುಗಿದಳು. "ಕಾಲೇಜಲ್ಲಿ ಏನಂತ ಹೇಳಿದೀಯ?"

"ನಾನಾ?"

"ಟೋಪಿ ಟೋಪಿ ಅಂತ ಕುಣೀತಿದ್ದೆಯಲ್ಲ. ಅವರನ್ನ ಮೆಟ್ಟಿಲಲ್ಲಿ ನೋಡಿದ್ದು ಈ ಮನೇಲಿ ನೀನೊಬ್ಳೇ."

"ಅಮ್ಮ ಟೋಪಿ ಹಾಕ್ತಾಳೆ ಅಂತ ಗೆಳತೀರ ಹತ್ರ ತಮಾಷೆ ಮಾಡಿದ್ದು ನಿಜ. ಅವರು ಯಾರು ಅಂತಾನೇ ನನಗೆ ಗೊತ್ತಿಲ್ಲ. ಪೋಸ್ಟಾಫೀಸಿಗೆ ಈ ಕಾಲದಲ್ಲಿ ಯಾರು ಹೋಗ್ತಾರೆ?"

"ಪೋಸ್ಟಾಫೀಸು ಅಂತ ನಾನು ಹೇಳಿದ್ನಾ?"

ಮೊಮ್ಮಗಳ ಮುಖ ಕೆಂಪಾಯಿತು. "ಕೆಳಗೆ ಎಲ್ಲರೂ ಮಾತಾಡ್ತಿದಾರೆ. ಅದನ್ನೇ ಕೇಳಿದ್ದು. ಅಜ್ಜಿ, ನೀನಾದ್ರೂ ಹೇಳು, ನಾನು ಹಾಗೆಲ್ಲ ಹೇಳೋಳಾ?"

ಮೂವರೂ ಅಜ್ಜಿಯತ್ತ ನೋಡಿದರು.

"ಊಟಕ್ಕೆ ಕೂತಾಗ ಜಗಳ ಬೇಡ," ಅಂದಳು ಅಜ್ಜಿ, ಮತ್ತು ತುತ್ತು ನುಂಗಿದಳು.

ಹುಡುಗಿ ಎದ್ದು ಹೋದಳು. ಮರುದಿನದಿಂದ ತಟ್ಟೆಯನ್ನು ಅಡುಗೆಮನೆಗೆ ಒಯ್ದು ನಿಂತೇ ಉಣ್ಣತೊಡಗಿದಳು. ತಾಯಿ ಮಗಳ ನಡುವಿನ ಮಾತು 'ಉಪ್ಪು ಎಲ್ಲಿ', 'ಡಬ್ಬಿಯಲ್ಲಿ' ಎಂಬಷ್ಟಕ್ಕೆ ಇಳಿಯಿತು.

ಗಿಡ್ಡ ನರೆಯೂ ಬರಲಿಲ್ಲ. ಮಗ ತನ್ನ ಬೇಕರಿಯಲ್ಲಿ ಕೇಳಿ, ಕೇಕಿನ ರಟ್ಟಿನ ಪೆಟ್ಟಿಗೆ ಮಡಿಸುವ ಕೆಲಸಕ್ಕೆ ಹೆಂಡತಿಯನ್ನು ಸೇರಿಸಿದ. ಸಂಜೆ ಅವಳು ಬಂದು ಬೆರಳ ತುದಿಗೆ ಎಣ್ಣೆ ಹಚ್ಚಿಕೊಳ್ಳುವಳು. ರಟ್ಟು ಚರ್ಮವನ್ನು ಒರಟು ಮಾಡಿತ್ತು. ಕೂದಲೆಳೆ ಹಿಡಿದರೆ ಬೆರಳಿಗೆ ಅದು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆದರೂ ದಿನಾ ಹಿಡಿದು ನೋಡುವಳು.

ಒಂದು ಭಾನುವಾರ ಮಗ ಮೇಜಿನ ತಿರುಪು ಬಿಚ್ಚಿದ. ಮರದ ತಲೆಗಳನ್ನು ಚೀಲಕ್ಕೆ ತುಂಬಿ, ಮಂಚವನ್ನು ಒಳಗೆ ತಂದು, ಚೀಲವನ್ನು ಅದರಡಿಗೆ ತಳ್ಳಿದ.

"ತಗೋ ಅಮ್ಮ, ನಿನ್ನ ಕೋಣೆ. ಫ್ಯಾನ್ ಹಾಕ್ಲಾ?"

"ಬೇಡ."

"ಸೆಕೆ ಇದೆಯಲ್ಲ."

"ಬೇಡ ಅಂದ್ನಲ್ಲ."

ಮಲಗಿದರೆ ನಿದ್ದೆ ಹತ್ತದು. ಕೆಳಗೆ ಕಣ್ಣಿಲ್ಲದ ತಲೆಗಳು, ಮೇಲೆ ಕಣ್ಣು ಮುಚ್ಚದ ಒಂದು ತಲೆ. ಈಗ ಬಾಯಿ ಬಿಟ್ಟರೆ, ಕೋಣೆಗಾಗಿಯೇ ಮಾಡಿದೆ ಎನ್ನುತ್ತಾರೆ. ಬಾಯಿ ಬಿಡದಿದ್ದರೆ ಹುಡುಗಿ ನಿಂತೇ ಉಣ್ಣುತ್ತಾಳೆ. ತಾನು ಕೋಣೆಗಾಗಿ ಮಾಡಿರಲಿಲ್ಲ, ಅಷ್ಟು ಮಾತ್ರ ನಿಜ. ಮೆಚ್ಚುಗೆಗಾಗಿ ಮಾಡಿದ್ದು. ಅದನ್ನು ಹೇಳಿಕೊಳ್ಳುವುದು ಇನ್ನೂ ನಾಚಿಕೆಗೇಡು.

ತಾರಸಿಗೆ ಹೋಗುವುದನ್ನು ಬಿಟ್ಟಳು. ಬಿಟ್ಟರೂ ತಾರಸಿ ಅವಳನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ಮೊಮ್ಮಗಳು ಒಣಗಿದ ಬಟ್ಟೆ ಹೊತ್ತು ಇಳಿದು ಬಂದು, ಕೋಣೆಯ ಬಾಗಿಲಲ್ಲಿ ನಿಂತಳು.

"ಕೆಳಮನೆಯವರು ಕೇಳ್ತಿದ್ರು. ರೇಡಿಯೋ ಯಾಕೆ ಬಂದಾಗಿದೆ, ಪೋಸ್ಟಾಫೀಸಿನವಳದ್ದು ಇನ್ನೊಂದ್ಸಲ ಹಾಕೋಕೆ ಹೇಳು ಅಂದ್ರು."

ಅಜ್ಜಿ ಚಾದರದ ನೂಲು ಕೀಳುತ್ತಿದ್ದಳು.

"ಅಮ್ಮನಿಗೆ ಹೇಳ್ತೀಯಾ?" ಅಂದಳು ಕೊನೆಗೆ.

"ನಾನ್ಯಾಕೆ ಹೇಳ್ಲಿ?" ಹುಡುಗಿ ಬಟ್ಟೆ ಮಡಿಸಿ ಮಂಚದ ಮೇಲಿಟ್ಟಳು, ಅಜ್ಜಿಯದನ್ನು ಬೇರೆಯಾಗಿ, ಅಂಚಿಗೆ ಅಂಚು ಕೂಡಿಸಿ. "ನೀನು ಹೇಳ್ತೀಯೇನೋ ಅಂತ ಕಾಯ್ತೀನಿ."

ಅವಳು ಕಾದಳು. ಸೋಮವಾರ ಕಾದಳು, ಮಂಗಳವಾರ ಕಾದಳು. ಅಜ್ಜಿಗೆ ಮಾತ್ರೆ ತಂದುಕೊಟ್ಟಳು, ಬಿಸಿನೀರು ಕಾಯಿಸಿಟ್ಟಳು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅಜ್ಜಿ ಬೈಗುಳವನ್ನಾದರೂ ಅನುಕರಿಸುತ್ತಿದ್ದಳು. ಮೌನವನ್ನು ಏನೆಂದು ಅನುಕರಿಸುವುದು?

ಬುಧವಾರ ಊಟಕ್ಕೆ ಬ್ರೆಡ್ಡೂ ಮೊಟ್ಟೆಯೂ ಇದ್ದವು. ಹುಡುಗಿ ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೊರಟಾಗ ಅಜ್ಜಿ, "ಕೂತ್ಕೋ," ಅಂದಳು. "ನೀನು ಕೂತ್ಕೊಂಡು ತಿನ್ನು. ಹೇಳಿದ್ದು ನಾನು."

"ಏನು ಹೇಳಿದ್ದು?" ಅಂದ ಮಗ.

"ತಾರಸಿ ಮೇಲೆ. ಹೆಸರು ಹೇಳ್ಲಿಲ್ಲ. ದನಿ ಮಾಡಿ ತೋರ್ಸಿದೆ. ಅವರಿಗೆ ಗೊತ್ತಾಗಿ ಹೋಯ್ತು."

ಮಗ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಹಾಕಿದ. "ಇಷ್ಟು ದಿನ ಈ ಮಗು ಬೈಸ್ಕೊಂಡು ಓಡಾಡ್ತಿತ್ತು. ನೀನು ಎದುರಿಗೇ ಕೂತು ಉಣ್ತಿದ್ದೆ."

"ಹೂಂ."

"ಕೋಣೆ ಬೇಕು ಅಂತ ಬಾಯಿಬಿಟ್ಟು ಕೇಳಿದ್ರೆ ಕೊಡ್ತಿದ್ದೆವಲ್ಲ ಅಮ್ಮ."

ಆ ಮಾತು ಬರುತ್ತದೆಂದು ಅಜ್ಜಿಗೆ ಗೊತ್ತಿತ್ತು. ಗೊತ್ತಿದ್ದರೂ ಬಿದ್ದ ಕಡೆ ಬೆಂದಿತು.

ಸೊಸೆ ಮಗಳ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿ, ಅವಳ ಭುಜದ ಮೇಲೆ ಕೈಯಿಟ್ಟಳು. ಆಮೇಲೆ ಅಜ್ಜಿಗೆ ಹೇಳಿದಳು: "ನನಗೆ ಹೇಳಿ ಏನಾಗ್ಬೇಕು ಅತ್ತೆ? ನನ್ನ ತಲೇಲಿ ಕೂದಲಿದೆ."

*

ಸೊಸೆ ಮುಂದಿನ ಭಾನುವಾರವಿಡೀ ಕಿಟಕಿಯ ಬಳಿ ಕೂತು, ಒರಟು ಬೆರಳಿನಿಂದಲೇ ಆ ವಿಗ್ಗಿನ ಉಳಿದ ಸಾಲುಗಳನ್ನು ಮುಗಿಸಿದಳು. ಸೋಮವಾರ ಮಗ ತಾಯಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ವ್ಯಾನಿನಲ್ಲಿ ಕೂರಿಸಿದ. ತೊಡೆಯ ಮೇಲೆ ವಿಗ್ಗಿನ ಪೆಟ್ಟಿಗೆ. ದಾರಿಯುದ್ದಕ್ಕೂ ಅಜ್ಜಿ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡಳು. ಪ್ರತಿ ಸಲವೂ ಅದು ಬೇರೆ ಯಾರದೋ ದನಿಯಲ್ಲಿ ಬರುತ್ತಿತ್ತು, ಒಮ್ಮೆ ಡಾಕ್ಟರದು, ಒಮ್ಮೆ ಮಾಲೀಕನದು.

ಪೋಸ್ಟಾಫೀಸಿನ ಕೌಂಟರಿನಲ್ಲಿ ಒಬ್ಬ ಯುವಕನಿದ್ದ. ಹಿಂದಿನ ಕೋಣೆಯತ್ತ ಕೈ ತೋರಿಸಿದ. ಅಲ್ಲಿ ಗೋಡೆಯುದ್ದಕ್ಕೂ ಚೌಕ ಚೌಕ ಗೂಡುಗಳು. ತಲೆಗೆ ಬಟ್ಟೆ ಸುತ್ತಿಕೊಂಡ ಸಪೂರ ಹೆಂಗಸೊಬ್ಬಳು ನಿಂತು ಕಾಗದಗಳನ್ನು ಬೀದಿವಾರು ವಿಂಗಡಿಸುತ್ತಿದ್ದಳು.

"ನೀವೇನಾ ರೇಡಿಯೋ?" ಅಂದಳು, ಪೆಟ್ಟಿಗೆಯನ್ನು ನೋಡಿ. "ಕೂತ್ಕೊಳ್ಳಿ. ಮಂಡಿ ನೋವು ಅಂತ ನಿಮ್ಮ ಸೊಸೆ ಹೇಳಿದ್ರು."

ಅಜ್ಜಿ ಕೂರಲಿಲ್ಲ. "ತಪ್ಪಾಯ್ತ್ರಮ್ಮ."

"ಗೊತ್ತು. ಕೌಂಟರ್ ಬೇಡ, ಇಲ್ಲಿಗೆ ಹಾಕಿ ಅಂತ ನಾನೇ ಕೇಳ್ಕೊಂಡೆ. ಇಲ್ಲಿ ಸಾಲಿಲ್ಲ." ಒಂದು ಕಾಗದವನ್ನು ಗೂಡಿಗೆ ತುರುಕಿದಳು. "ನನ್ನದು ಬಹಳ ಚೆನ್ನಾಗಿ ಮಾಡ್ತೀರಂತೆ. ಮಾಡಿ."

"ಬೇಡ."

"ಬೀದಿಯವರೆಲ್ಲ ಕೇಳಿದಾರೆ. ನಾನೊಬ್ಳೇ ಕೇಳಿಲ್ಲ. ಮಾಡಿ."

ಅಜ್ಜಿ ಗೋಡೆ ಹಿಡಿದುಕೊಂಡಳು. ಆ ದನಿ ಬಾರದಿರಲಿ ಎಂದು ಬೇಡಿಕೊಂಡಳು; ಆದರೆ ಗಂಟಲು ನೆನಪಿಟ್ಟಿತ್ತು. "ಕಿವಿ ಹತ್ರ ಸ್ವಲ್ಪ ಕಡಿಮೆ ಇರ್ಲಿ. ಸರೀನಾ? ಮುಂದೆ? ಗಾಳಿಗೆ... ಗಾಳಿಗೆ ಹಾರಲ್ಲ ತಾನೆ?"

"ಕರೆದ್ರಾ ಮೇಡಂ?" ಎಂದು ಆಚೆಯಿಂದ ಯುವಕ ಕೂಗಿದ.

"ಇಲ್ಲಪ್ಪ," ಅಂದಳು ಅವಳು. ಕಾಗದದ ಕಟ್ಟನ್ನು ಕೆಳಗಿಟ್ಟಳು. "ನನ್ನ ದನಿ ಹೀಗೆ ನಡುಗುತ್ತಾ?"

ಅಜ್ಜಿ ಪೆಟ್ಟಿಗೆಯನ್ನು ಅವಳ ಮುಂದಿಟ್ಟಳು.

"ಕೌಂಟರಿನಲ್ಲಿ ನಾನು ಹೀಗೆ ಮಾತಾಡಿಲ್ಲ ಯಾವತ್ತೂ. ಅಲ್ಲಿ ಗದರಿಸ್ತಿದ್ದೆ. ಇದು ನಿಮ್ಮನೇಲಿ ಚಿಲಕ ಹಾಕ್ಕೊಂಡು, ತಲೆ ಬಟ್ಟೆ ತೆಗೆದು, ಕನ್ನಡಿ ಮುಂದೆ ಕೂತು ಆಡಿದ್ದು. ಆವತ್ತೇ ಮೊದಲು ನಾನು ನನ್ನ ತಲೇನ ಹಿಂದಿನಿಂದ ನೋಡಿದ್ದು." ಅವಳು ಅಜ್ಜಿಯ ಮುಖ ನೋಡಿದಳು. "ಇದಕ್ಕೇನಾ ಅವರು ನಕ್ಕಿದ್ದು?"

ಅಜ್ಜಿ ಆ ನಡುಕವನ್ನು ಒಂದು ಚಂದವೆಂದು ಎತ್ತಿಕೊಂಡಿದ್ದಳು, ಹಾಲಿನವನ ತೊದಲಿನಂತೆ. ಅದು ಏನೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅವಳ ತಲೆ ತಾನಾಗಿಯೇ ಕೆಳಗಾಯಿತು.

ಹೆಂಗಸು ಪೆಟ್ಟಿಗೆ ತೆರೆದಳು. ಬೈತಲೆಯ ಗೆರೆಯ ಮೇಲೆ ಬೆರಳಾಡಿಸಿದಳು. "ನನ್ನದೇ ಅನ್ನೋ ಹಾಗಿದೆ," ಎಂದು ಮುಚ್ಚಳ ಮುಚ್ಚಿ ಪೆಟ್ಟಿಗೆಯನ್ನು ಅಜ್ಜಿಯ ಕೈಗೇ ಇಟ್ಟಳು. "ಗೊತ್ತಿಲ್ಲದೋರ ಮುಂದೆ ಹಾಕ್ಕೊಳ್ಳೋಕೆ ಮಾಡಿಸಿದ್ದು ಇದನ್ನ. ಈ ಬೀದೀಲಿ ಗೊತ್ತಿಲ್ಲದೋರು ಯಾರು ಉಳಿದಿದಾರೆ? ಸೊಸೆಗೆ ಹೇಳಿ, ಅವರ ಮೇಲೆ ನನಗೆ ಏನೂ ಬೇಜಾರಿಲ್ಲ."

ಅವರ ಮೇಲೆ ಎಂದಳು. ಅಜ್ಜಿ ಇನ್ನೂ ಸ್ವಲ್ಪ ಹೊತ್ತು ನಿಂತಳು, ಮಾತು ಮುಂದುವರಿಯುತ್ತದೇನೋ ಎಂದು. ಅವಳು ಕಾಗದ ವಿಂಗಡಿಸುತ್ತಿದ್ದಳು.

ಮನೆಯಲ್ಲಿ ಮೂವರೂ ಸುತ್ತ ಕೂತು ಕೇಳಿದರು. ರೂಢಿಯಂತೆ ಆ ಹೆಂಗಸಿನ ದನಿ ಬರುತ್ತದೆಂದು ಅವರ ಕಿವಿ ಕಾದದ್ದು ಅಜ್ಜಿಗೆ ಕಂಡಿತು. ಅವಳು ಕರೆಂಟು ಬಿಲ್ಲು ಓದಿದಂತೆ ಎಲ್ಲವನ್ನೂ ಓದಿ ಒಪ್ಪಿಸಿ, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಮಗನಿಗೆ ಹೇಳಿದಳು:

"ಮಂಚ ಆಚೆ ಹಾಕು. ಗಾಳಿಕಿಂಡಿ ಕೆಳಗೆ ಬೇಡ. ಅಡುಗೆಮನೆಗೆ ಹಾಕು."

"ಅಡುಗೆಮನೇಲಿ ಹೇಗೆ ಮಲಗ್ತೀಯಮ್ಮ? ಜಾಗ ಎಲ್ಲಿದೆ?"

"ಮಂಚ ಹಿಡಿಸದಿದ್ರೆ ಹಾಸಿಗೆ ಹಾಕು."

ಮಗ ಹೆಂಡತಿಯ ಮುಖ ನೋಡಿದ. ಬೇಡ ಅತ್ತೆ, ಅಷ್ಟೆಲ್ಲ ಬೇಡ ಎಂದು ಅವಳು ಹೇಳಬಹುದೆಂದು ಅಜ್ಜಿಯೂ ಒಳಗೊಳಗೇ ಕಾದಳು. ಸೊಸೆ ಹೇಳಲಿಲ್ಲ. ಬಾಗಿ ಹಾಸಿಗೆಯ ಒಂದು ತುದಿ ಹಿಡಿದಳು.

*

ಊರಿನ ಆ ತುದಿಯಿಂದ, ಏನೂ ಕೇಳಿರದ ಗಿರಾಕಿಯೊಬ್ಬರು ಬರಲು ತಿಂಗಳುಗಳೇ ಹಿಡಿದವು. ಗಂಟೆ ಬಾರಿಸಿದಾಗ ಮೊಮ್ಮಗಳು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ಅಜ್ಜಿ ಹಾಸಿಗೆಯಿಂದ ಎದ್ದು ಅಡುಗೆಮನೆಯ ಬಾಗಿಲನ್ನು ಮುಂದಕ್ಕೆ ತಳ್ಳಿದಳು. ಅದಕ್ಕೆ ಚಿಲಕವಿಲ್ಲ, ಒಂದು ಗೇಣು ತೆರೆದೇ ಉಳಿಯಿತು. ಆ ಸಂದಿನಿಂದ ಹೊಸ ದನಿಯೊಂದು ಬಂತು, ಮೊದಲ ಪದವನ್ನೇ ಎರಡು ಸಲ ಹೇಳುವಂಥದು. ಅಜ್ಜಿಯ ಗಂಟಲು ತಾನಾಗಿ ಅದರ ಜೊತೆಗೆ ಏರಿಳಿಯಿತು. ಅವಳು ಬಕೆಟ್ಟನ್ನು ನಲ್ಲಿಯ ಕೆಳಕ್ಕೆ ಎಳೆದು, ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

ನೀರು ಬಕೆಟ್ಟಿನ ತಳಕ್ಕೆ ಬಡಿದು, ಏರಿ, ಅಂಚು ದಾಟಿ ಸುರಿಯತೊಡಗಿತು.

"ಅಜ್ಜಿ, ತುಂಬಿ ಹೋಗಿದೆ. ನಿಲ್ಸು."

"ನಿಲ್ಸಿದ್ರೆ ಕೇಳ್ಸುತ್ತೆ."

ಹುಡುಗಿ ಅವಳ ಮುಖವನ್ನು ನೋಡಿದಳು. ಸೋಪಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ತುಂಬಿದ ಬಕೆಟ್ಟನ್ನು ಎತ್ತಿ ಮೂಲೆಯ ಡ್ರಮ್ಮಿಗೆ ಸುರಿದಳು. ಖಾಲಿ ಬಕೆಟ್ಟನ್ನು ತಂದು ಮತ್ತೆ ನಲ್ಲಿಯ ಕೆಳಗಿಟ್ಟಳು.